ಕಲ್ಲು ಹೇಳಿದಷ್ಟು

ಚಿತ್ರದುರ್ಗದ ಹುಡುಗರಿಗೆ ಇತಿಹಾಸ ಕಲಿಸುವುದು ಸುಲಭವಲ್ಲ. ಕೋಟೆಯನ್ನು ದಿನವೂ ಕಣ್ಣೆದುರಿಗೆ ಕಂಡು ಬೆಳೆದವರಿಗೆ ಮದಕರಿ ನಾಯಕನ ಕಥೆ ಮೊದಲೇ ಗೊತ್ತಿರುತ್ತದೆ. ಸಾಲದ್ದಕ್ಕೆ ಪ್ರತಿಯೊಬ್ಬರಿಗೂ ತಮ್ಮ ಅಜ್ಜಿ ಹೇಳಿದ್ದೇ ನಿಜ. ಇಂಥ ತರಗತಿಗಳಿಗೆ ಮೂರು ದಶಕ ಪಾಠ ಹೇಳಿ, ನಿವೃತ್ತಿಯ ನಂತರವೂ ಊರು ಬಿಡದೆ ಇದ್ದು, ಈ ವರ್ಷ ನಮ್ಮನ್ನಗಲಿದ ಗುರುಗಳ ಬಗ್ಗೆ ಬರೆಯಬೇಕೆಂದು ಸಂಪಾದಕರು ಕೇಳಿದ್ದಾರೆ. ನಮ್ಮ ಕಾಲೇಜಿನಲ್ಲಿ ‘ಇತಿಹಾಸದ ಮೇಷ್ಟ್ರು’ ಎಂದರೆ ಅವರೊಬ್ಬರೇ. ಅದೇ ವಿಷಯ ಕಲಿಸುತ್ತಿದ್ದ ಉಳಿದ ಅಧ್ಯಾಪಕರೂ ಅವರನ್ನು ಹಾಗೆಯೇ ಕರೆಯುತ್ತಿದ್ದುದರಿಂದ ನಾನೂ ಅಷ್ಟರಲ್ಲೇ ನಿಲ್ಲಿಸುತ್ತೇನೆ.

ಪ್ರತಿ ವರ್ಷವೂ ಯಾರಾದರೊಬ್ಬರು ಎದ್ದು ನಿಂತು, “ಸರ್, ಓಬವ್ವನ ಕಥೆ ನಿಜವೇ?” ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಅವರಿಂದ ಬರುತ್ತಿರಲಿಲ್ಲ. ಹೈದರಾಲಿಯ ಮುತ್ತಿಗೆ, 1779ರಲ್ಲಿ ಕೋಟೆ ಅವನ ವಶವಾದದ್ದು, ನಾಯಕರ ಆಳ್ವಿಕೆ ಅಲ್ಲಿಗೆ ಮುಗಿದದ್ದು ಒಂದು ಬಗೆಯ ಸಾಕ್ಷಿಯಿಂದ ತಿಳಿದದ್ದು. ಓಬವ್ವ ನಮಗೆ ಸಿಕ್ಕಿದ್ದು ಜನರ ಬಾಯಿಂದ. “ಎರಡನ್ನೂ ಇಟ್ಟುಕೊಳ್ಳಿ, ಆದರೆ ಒಂದೇ ಗಂಟಿನಲ್ಲಿ ಕಟ್ಟಬೇಡಿ” ಎನ್ನುತ್ತಿದ್ದರು. ಜನರ ನೆನಪನ್ನು ಹಗುರವಾಗಿ ಕಾಣುವ ವಿದ್ವಾಂಸರನ್ನೂ, ಅದನ್ನೇ ದಾಖಲೆ ಎಂದು ಸಾಧಿಸುವ ಭಾಷಣಕಾರರನ್ನೂ ಅವರು ಸಮನಾಗಿ ದೂರವಿಟ್ಟಿದ್ದರು. ಇದರಿಂದ ಅವರಿಗೆ ಸಭೆ ಸಮಾರಂಭಗಳ ಆಹ್ವಾನಗಳು ಕಡಿಮೆಯಾದವು ಎಂಬುದನ್ನೂ ಇಲ್ಲಿ ಹೇಳಬೇಕು.

ಅವರ ನಿಜವಾದ ತರಗತಿ ನಡೆಯುತ್ತಿದ್ದುದು ಚಂದ್ರವಳ್ಳಿಯಲ್ಲಿ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಮೂರೇ ಸಾಲು. ಅವನು ಮಾಡಿಸಿದ ಕೆರೆಯ ಮಾತು ಅದರಲ್ಲಿದೆ. 1929ರಲ್ಲಿ ಅಲ್ಲಿ ಉತ್ಖನನ ನಡೆಸಿದ ಡಾ. ಎಂ.ಎಚ್. ಕೃಷ್ಣ ಅವರು ಆ ಶಾಸನದಲ್ಲಿ ಆಭೀರ, ಪಲ್ಲವ, ಪುನ್ನಾಟ ಮೊದಲಾಗಿ ಅವನು ಗೆದ್ದವರ ಹೆಸರುಗಳ ಉದ್ದನೆಯ ಪಟ್ಟಿಯನ್ನೇ ಓದಿದರು. ನಂತರದ ವಿದ್ವಾಂಸರು ಆ ಓದನ್ನು ಪ್ರಶ್ನಿಸಿದರು. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ವಿಷಯಕ್ಕೆ ಮೇಷ್ಟ್ರು ಒಂದು ಇಡೀ ಬೆಳಗನ್ನು ಕೊಡುತ್ತಿದ್ದರು. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ನಮ್ಮನ್ನು ಬಂಡೆಯ ಮುಂದೆ ಕೂರಿಸಿ, ಯಾವ ಗೆರೆ ಉಳಿಯಿಂದ ಬಂದದ್ದು, ಯಾವುದು ಮಳೆ ಗಾಳಿಗೆ ಸವೆದು ಆದದ್ದು ಎಂದು ಮೊದಲು ನಮ್ಮಿಂದಲೇ ಹೇಳಿಸಿ, ಆಮೇಲೆ ಮಾತ್ರ ವಿದ್ವಾಂಸರ ಎರಡೂ ಓದುಗಳಿದ್ದ ಕಾಗದವನ್ನು ಜೇಬಿನಿಂದ ತೆಗೆಯುತ್ತಿದ್ದರು. ರಾಜನೊಬ್ಬ ಎಷ್ಟು ರಾಜ್ಯ ಗೆದ್ದನೆಂಬುದು ಕಲ್ಲಿನ ಒಂದಂಗುಲ ಸವೆತದ ಮೇಲೆ ನಿಂತಿದೆ ಎಂದು ಗೊತ್ತಾದ ಮೇಲೆ ಯಾವ ಇತಿಹಾಸದ ಪುಸ್ತಕವನ್ನೂ ಮೊದಲಿನಂತೆ ಓದುವುದು ನಮಗೆ ಸಾಧ್ಯವಾಗಲಿಲ್ಲ.

ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸುವ ಪಡಿಯಚ್ಚು ತೆಗೆಯುವುದನ್ನು ಕಲಿಸಿದ್ದು ಚಳ್ಳಕೆರೆ ಕಡೆಯ ಹಳ್ಳಿಯೊಂದರ ವೀರಗಲ್ಲಿನ ಮೇಲೆ. ಕಲ್ಲಿಗೆ ಮೆತ್ತಿದ್ದ ಎಣ್ಣೆ ಜಿಡ್ಡನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಿ, ಒದ್ದೆ ಮಾಡಿದ ಕಾಗದವನ್ನು ಸುಕ್ಕಿಲ್ಲದಂತೆ ಹಾಸಿ, ಅದು ಅಕ್ಷರದ ಕುಳಿಗಳೊಳಗೆ ಇಳಿಯುವವರೆಗೆ ಕುಟ್ಟಬೇಕು. ಕಾಗದ ಪೂರ್ತಿ ಒಣಗಿದರೂ ಕೆಟ್ಟಿತು, ಹಸಿ ಹೆಚ್ಚಿದ್ದರೂ ಕೆಟ್ಟಿತು. ಆ ಹದವನ್ನು ಅವರು ಅಂಗೈಯ ಹಿಂಭಾಗ ತಾಗಿಸಿ ನೋಡುತ್ತಿದ್ದರು. ನಂತರ ಬಟ್ಟೆಯ ಉಂಡೆಗೆ ಶಾಯಿ ಹಚ್ಚಿ ಮೆಲ್ಲಗೆ ತಟ್ಟುತ್ತಾ ಹೋದಂತೆ ಕಪ್ಪಿನ ನಡುವೆ ಅಕ್ಷರಗಳು ಬಿಳಿಯಾಗಿ ಉಳಿಯುತ್ತಿದ್ದವು. ಕೆಲಸಕ್ಕೆ ಮುಂಚೆ ಊರಿನ ಹಿರಿಯರ ಒಪ್ಪಿಗೆ ಕೇಳುವುದು, ಮುಗಿದ ಮೇಲೆ ಕಲ್ಲನ್ನು ತೊಳೆದು ಅರಿಸಿನ ಕುಂಕುಮ ಇಟ್ಟು ಬರುವುದು ಅವರ ಪದ್ಧತಿಯಾಗಿತ್ತು.

ನಾನು ಮೊಳಕಾಲ್ಮೂರಿನವನು. ನಮ್ಮ ತಾಲ್ಲೂಕಿನಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿದ್ದರೂ, ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲೇ ಅವನ್ನು ಬೆಳಕಿಗೆ ತಂದಿದ್ದರೂ, ನಾನು ಬ್ರಹ್ಮಗಿರಿಯ ಶಾಸನದ ಬಂಡೆಯಾದ ಅಕ್ಷರಗುಂಡನ್ನು ಮೊದಲು ಕಂಡದ್ದು ಮೇಷ್ಟ್ರ ಜೊತೆ ಹೋದಾಗಲೇ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಎಂದರೆ ಹಿರಿಯ ಅಧಿಕಾರಿಗಳಿಗೆ, ಹೊರಟ ಆಜ್ಞೆಯನ್ನು ಬ್ರಾಹ್ಮಿ ಲಿಪಿಯಲ್ಲಿ ಬರೆದ ಚಪಡನೆಂಬ ಲಿಪಿಕಾರ, ಕೊನೆಯ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. “ಆ ಕಡೆಯವನಿರಬಹುದು” ಎಂದ ಗೆಳೆಯನಿಗೆ, “ಇರಬಹುದು ಅನ್ನೋದರ ಕೆಳಗೆ ಗೆರೆ ಎಳಿಯಪ್ಪಾ” ಎಂದರು. ಅದೇ ಶಾಸನದಲ್ಲಿ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತೂ ಇದೆ. ಉಳಿದೆಲ್ಲ ಕಡೆ ನಿಂತು ನಿಂತು ಓದಿಸಿದವರು ಆ ಸಾಲನ್ನು ಮಾತ್ರ ಅವಸರದಲ್ಲಿ ದಾಟಿಸಿಬಿಟ್ಟರು. ನಾವು ನಕ್ಕೆವು, ಅವರೂ ನಕ್ಕರು.

ಅಂದು ಹಿಂತಿರುಗುವಾಗ ನಮ್ಮ ಮನೆಗೆ ಬಂದರು. ಬಿ.ಎ. ಮುಗಿದೊಡನೆ ನಾನು ಮಗ್ಗಕ್ಕೆ ಕೂರಬೇಕೆಂಬುದು ಅಪ್ಪನ ತೀರ್ಮಾನವಾಗಿತ್ತು. ಮೇಷ್ಟ್ರು ಗುಂಡಿ ಮಗ್ಗದ ಪಕ್ಕ ನೆಲದ ಮೇಲೆಯೇ ಕೂತು, ಉದ್ದದ ಹಾಸಿನಲ್ಲಿ ಎಷ್ಟು ಎಳೆ, ಸೆರಗು ಬಂದಾಗ ಅಡ್ಡ ನೂಲಿನ ಹೊಕ್ಕು ಹೇಗೆ ಬದಲಾಗುತ್ತದೆ, ಒಂದು ಸೀರೆಗೆ ಎಷ್ಟು ದಿನ ಎಂದು ತಾಸುಗಟ್ಟಲೆ ಕೇಳಿದರು. ನನ್ನ ಮಾತೇ ಬರಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ನಿಮ್ಮ ಮಗ ನಿಮ್ಮ ಹಾಗೇ ಎಳೆ ಎಣಿಸ್ತಾನೆ. ಮೈಸೂರಿಗೆ ಕಳಿಸಿದರೆ ಕೆಟ್ಟುಹೋಗಲ್ಲ” ಎಂದರು. ಅಪ್ಪ ಆಗ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, “ಮೇಷ್ಟ್ರು ಕೆಲಸ ತಿಳಿದೋರು” ಎಂದಷ್ಟೇ ಅಂದರು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿದ್ದು ಹೀಗೆ.

ಅವರಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೂ ಇತ್ತು. ಅಷ್ಟು ತಿಳಿದವರು ಒಂದು ಪುಸ್ತಕವನ್ನೂ ಬರೆಯಲಿಲ್ಲ. ಕೇಳಿದರೆ, ಇನ್ನೊಂದು ಕಲ್ಲು ನೋಡುವುದಿದೆ ಎನ್ನುತ್ತಿದ್ದರು. ಇದನ್ನು ವಿನಯವೆಂದು ಹೊಗಳುವವರಿದ್ದಾರೆ. ನನಗೆ ಅದು ನಷ್ಟವೆಂದೇ ಈಗಲೂ ಅನ್ನಿಸುತ್ತದೆ, ಏಕೆಂದರೆ ಅವರು ನೋಡಿದ್ದ ಕೆಲವು ಕಲ್ಲುಗಳು ರಸ್ತೆ ಅಗಲವಾಗುವಾಗ ಕಾಣೆಯಾಗಿವೆ.

ಉಳಿದಿರುವುದು ಅವರ ನೋಟ್‌ಬುಕ್ಕುಗಳು. ಅವರ ಮಗಳು ಅವನ್ನೆಲ್ಲ ನಮ್ಮ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಎಡ ಪುಟದಲ್ಲಿ ಕಲ್ಲಿನಲ್ಲಿ ಕಂಡದ್ದು, ಬಲ ಪುಟದಲ್ಲಿ ಊರಿನವರು ಹೇಳಿದ್ದು, ಎರಡೂ ಶಾಯಿಯಲ್ಲಿ; ಅಂಚಿನಲ್ಲಿ ತಮ್ಮ ಊಹೆ, ಪೆನ್ಸಿಲ್ಲಿನಲ್ಲಿ. ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಅವನ್ನು ಟೈಪ್ ಮಾಡಿ, ಈಗಿನ ಬಿ.ಎ. ವಿದ್ಯಾರ್ಥಿಗಳೊಂದಿಗೆ ಭಾನುವಾರಗಳಂದು ಹಳ್ಳಿಗಳಿಗೆ ಹೋಗಿ ಕಲ್ಲುಗಳೊಡನೆ ತಾಳೆ ನೋಡುತ್ತಿದ್ದೇವೆ. ಹೊಳಲ್ಕೆರೆ ಕಡೆಯ ಹಳ್ಳಿಗಳು ಇನ್ನೂ ಬಾಕಿ ಇವೆ. ಪೆನ್ಸಿಲ್ ಬರಹವನ್ನು ಅಚ್ಚು ಹಾಕಬೇಕೋ ಬೇಡವೋ ಎಂಬುದರಲ್ಲಿ ಮಾತ್ರ ನಮ್ಮೊಳಗೆ ಒಮ್ಮತವಿಲ್ಲ. ಹಾಕಬೇಕು, ಆದರೆ ಬೇರೆ ಅಕ್ಷರದಲ್ಲಿ, ಪುಟದ ಕೆಳಗೆ ಎಂಬುದು ನನ್ನ ಅಭಿಪ್ರಾಯ.