ಐದು ಸಲ ತೆರೆದರೆ ಮಾಯ ಆಗ್ತಿದ್ದ ಆರ್ಕೈವ್ ಬಟನ್

ಸಿಕ್ತು ಮಾರಾಯ್ರೆ, ಕೊನೆಗೂ ಸಿಕ್ತು. ಒಂದೂವರೆ ತಿಂಗಳಿಂದ ತಲೆ ತಿಂತಿದ್ದ ಔಟ್‌ಲುಕ್ ಆಡ್‌ಇನ್ (ಔಟ್‌ಲುಕ್ ಮೇಲ್ ಪ್ರೋಗ್ರಾಂಗೆ ಸೇರಿಸೋ ಸಣ್ಣ ಪ್ರೋಗ್ರಾಂ, ಮೇಲ್‌ನ ನಮ್ಮ ಸರ್ವರ್‌ಗೆ ಕಳಿಸೋ ಆರ್ಕೈವ್ ಬಟನ್ ಕೊಡೋದು) ಈಗ ಹದಿನೇಳು ದಿನದಿಂದ ಹೊಸನಗರ ಶಾಖೆಯಲ್ಲಿ ಅಲ್ಲಾಡದೆ ಕೂತಿದೆ. ಮಳೆ ಇನ್ನೂ ಬಿಟ್ಟಿಲ್ಲ, ಮರ ಬೀಳೋದು ನಿಂತಿಲ್ಲ, ಆದ್ರೂ ಬಟನ್ ಇದೆ.

ಹಿಂದಿನ ಪೋಸ್ಟ್ ಓದಿದವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಎರಡೇ ಮಾತು. ನಾನಿರೋದು ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದಲ್ಲಿ, ಹೆಡ್ ಆಫೀಸ್ ಶಿವಮೊಗ್ಗ, ಶಾಖೆಗಳು ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರ, ಒಟ್ಟು 64 ಪಿಸಿ. ಹೋದ ವರ್ಷ ಏಪ್ರಿಲ್‌ನಲ್ಲಿ ಹೊಸನಗರದಲ್ಲಿ ಸಿಡಿಲು ಹೊಡೆದು ಒಂದು ಪಿಸಿ ಪೂರ್ತಿ ಸುಟ್ಟುಹೋಯ್ತು, ಅದರ ಜೊತೆ ಆರು ವರ್ಷದ ಮೇಲ್ ಇದ್ದ ಪಿಎಸ್‌ಟಿ ಫೈಲೂ ಹೋಯ್ತು. ಹೊಸನಗರದ ಹತ್ರದ ನಗರ ಅನ್ನೋ ಊರಿನ ಕಡೆಯ ಒಬ್ಬ ಹಿರಿಯ ಬೆಳೆಗಾರರು ರಾಶಿ ದರ್ಜೆಯ ಅಡಿಕೆ ತೂಕದ ವ್ಯತ್ಯಾಸದ ಬಗ್ಗೆ ಮೊಮ್ಮಗನ ಕೈಲಿ ಮೇಲ್ ಹಾಕಿಸಿದ್ರು, ಉತ್ತರ ಕೇಳೋಕೆ ಕೊಡೆ ಹಿಡ್ಕೊಂಡು ಶಾಖೆಗೆ ಬಂದ್ರೆ ತೋರಿಸೋಕೆ ನಮ್ಮ ಹತ್ರ ಆ ಮೇಲೇ ಇಲ್ಲ. ಅವರು ಬೈಲಿಲ್ಲ, "ಹೋಗ್ಲಿ ಬಿಡಿ" ಅಂತ ಎದ್ದು ಹೋದ್ರು. ಅವತ್ತೇ ನಿರ್ಧಾರ ಮಾಡಿದ್ದು, ಒಂದು ಮೇಲೂ ಇನ್ಮೇಲೆ ಬರೀ ಪಿಸಿಯಲ್ಲಿ ಇರಬಾರದು, ಎಲ್ಲ ಆರ್ಕೈವ್ ಸರ್ವರ್‌ಗೆ ಬರಬೇಕು ಅಂತ.

ಸರ್ವರ್ ಕೂರಿಸಿದ್ದು, ಶಾಖೆಗಳನ್ನ ಅದಕ್ಕೆ ಜೋಡಿಸೋ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಹಾಕಿದ್ದು, ಆಡ್‌ಇನ್‌ನ ಗ್ರೂಪ್ ಪಾಲಿಸಿಯಿಂದ (ಎಲ್ಲ ಪಿಸಿಗೂ ಒಂದೇ ಕಡೆಯಿಂದ ನಿಯಮ ಹಾಕೋ ವಿಂಡೋಸ್ ವ್ಯವಸ್ಥೆ) ತಳ್ಳಿದ್ದು, ಇದೆಲ್ಲ ಮಾರ್ಚ್ ಒಳಗೆ ಮುಗೀತು. ಮಾರ್ಚ್, ಏಪ್ರಿಲ್, ಮೇ ಒಂದು ದೂರೂ ಇಲ್ಲ.

ಜೂನ್‌ನಲ್ಲಿ ಮೃಗಶಿರ ಮಳೆ ಹಿಡೀತು ನೋಡಿ, ಹೊಸನಗರ, ತೀರ್ಥಹಳ್ಳಿ ಎರಡರಿಂದಲೂ ಫೋನು, "ಬಟನ್ ಕಾಣ್ತಿಲ್ಲ". ರಿಮೋಟ್‌ನಲ್ಲಿ ಹೋಗಿ ನೋಡಿದ್ರೆ ಆಡ್‌ಇನ್ ಡಿಸೇಬಲ್ಡ್ ಪಟ್ಟಿಯಲ್ಲಿ ಬಿದ್ದಿದೆ. ಎತ್ತಿ ಟಿಕ್ ಹಾಕ್ತೀನಿ, ಬರುತ್ತೆ, ಮುಂದಿನ ವಾರ ಮತ್ತೆ ಇಲ್ಲ. ಸಾಗರ, ಶಿವಮೊಗ್ಗದಲ್ಲಿ ಏನೂ ತೊಂದರೆ ಇಲ್ಲ. ಇದಕ್ಕಿಂತ ಕಷ್ಟ ಅಂದ್ರೆ ನನ್ನ ಚೆಕ್ ಸ್ಕ್ರಿಪ್ಟ್ ಪ್ರತಿ ರಾತ್ರಿ 64 ಪಿಸಿಯಲ್ಲೂ ಲೋಡ್‌ಬಿಹೇವಿಯರ್ 3 ಅಂತಲೇ ವರದಿ ಕೊಡ್ತಿತ್ತು, ಅಂದ್ರೆ ಎಲ್ಲ ಸರಿ ಇದೆ ಅಂತ. ಅದು ನೋಡ್ತಿದ್ದದ್ದು ಇಡೀ ಮಷೀನ್‌ಗೆ ಸೇರಿದ ಕೀ (ವಿಂಡೋಸ್ ಸೆಟ್ಟಿಂಗ್ ಬರೆದಿಡೋ ಜಾಗ), ಔಟ್‌ಲುಕ್ ಬಾಗಿಲು ಹಾಕ್ತಿದ್ದದ್ದು ಒಬ್ಬೊಬ್ಬ ಯೂಸರ್‌ಗೂ ಬೇರೆ ಇರೋ ರೆಸಿಲಿಯನ್ಸಿ ಕೀಯಲ್ಲಿ, ಇದು ಆಮೇಲೆ ಗೊತ್ತಾಗಿದ್ದು.

ಆಡ್‌ಇನ್ ಮಾರಿದವರ ಸಪೋರ್ಟ್ ಬಗ್ಗೆ ಸಿಟ್ಟು ಇನ್ನೂ ಇಳಿದಿಲ್ಲ. ಮೊದಲು ಆಂಟಿವೈರಸ್ ಅಂದ್ರು, ತೆಗೆದು ನೋಡಿದ್ವಿ. ಆಮೇಲೆ ಪ್ರೊಫೈಲ್ ಹಾಳಾಗಿದೆ ಅಂದ್ರು, ಹೊಸದು ಮಾಡಿದ್ವಿ. ಆಮೇಲೆ ರೀಇನ್‌ಸ್ಟಾಲ್. ರೀಇನ್‌ಸ್ಟಾಲ್ ಮಾಡಿ ಟಿಕ್ ಹಾಕಿದ್ರೆ ನಾಲ್ಕೈದು ದಿನ ಚೆನ್ನಾಗೇ ಇರುತ್ತಲ್ಲ, ಅಷ್ಟರಲ್ಲಿ ಅವರು "ಪರಿಹಾರ ಆಗಿದೆ" ಅಂತ ಟಿಕೆಟ್ ಮುಚ್ಚಿಬಿಡೋರು. ಹೀಗೆ ಒಂದೇ ಸಮಸ್ಯೆಗೆ ನಾಲ್ಕು ಟಿಕೆಟ್. ವರ್ಷದ ಎಎಂಸಿ (ನಿರ್ವಹಣೆ ಒಪ್ಪಂದ) ದುಡ್ಡು ತಗೊಂಡು, ನಮ್ಮ ಲಾಗ್ ಫೈಲ್ ಒಂದು ಸಲನೂ ತೆರೆದು ನೋಡದೇ ಇದ್ರೆ ಅದು ಎಂತ ಸಪೋರ್ಟು ಹೇಳಿ.

ಸುಳಿವು ಕೊಟ್ಟಿದ್ದು ಹೊಸನಗರ ಶಾಖೆಯ ಅಕ್ಕ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತು ಲೆಕ್ಕ ಬರೀತಿರೋರು. "ತಮಾ, ಇದು ಸಂತೆಗೆ ಬಂದೋರ ಹಾಗೆ ವಾರಕ್ಕೊಂದ್ಸಲ ಬಂದು ಹೋಗ್ತದೆ, ನಾನು ಗುರುತು ಹಾಕಿ ಇಟ್ಟಿದೀನಿ" ಅಂತ ಗೋಡೆ ಕ್ಯಾಲೆಂಡರ್ ಫೋಟೋ ತೆಗೆದು ಕಳಿಸಿದ್ರು. ಬಟನ್ ಇದ್ದ ದಿನ ಹಸಿರು ಪೆನ್ನಲ್ಲಿ ರೈಟ್, ಇಲ್ಲದ ದಿನ ಕೆಂಪು ಸೊನ್ನೆ. ಸೋಮವಾರ ಹಾಕಿಕೊಟ್ಟ ವಾರ ಶುಕ್ರವಾರದವರೆಗೆ ಹಸಿರು, ಶನಿವಾರ ಕೆಂಪು. ಎರಡು ವಾರ ಹೀಗೇ. ಮೂರನೇ ವಾರ ಮಾತ್ರ ಶನಿವಾರವೂ ಹಸಿರು, ಮುಂದಿನ ಸೋಮವಾರ ಕೆಂಪು. ಆ ವಾರದ ಬುಧವಾರದ ಚೌಕದಲ್ಲಿ ಸಣ್ಣಕ್ಕೆ "ಮರ ಬಿದ್ದು ಕರೆಂಟ್ ಇಲ್ಲ, ಪಿಸಿ ಹಾಕಿಲ್ಲ" ಅಂತ ಬರೆದಿದ್ರು.

ಅದನ್ನ ನೋಡ್ತಾ ಕೂತಾಗ ರಾತ್ರಿ ಹನ್ನೊಂದಾಗಿತ್ತು, ಒಂದು ಸಲ ಮೈ ಜುಂ ಅಂತು. ದಿನದ ಲೆಕ್ಕ ಅಲ್ಲ ಇದು, ಔಟ್‌ಲುಕ್ ತೆರೆದ ಲೆಕ್ಕ! ಅಕ್ಕ ಬೆಳಗ್ಗೆ ಒಂದು ಸಲ ತೆರೆದ್ರೆ ಸಂಜೆವರೆಗೆ ಮುಚ್ಚಲ್ಲ. ಐದು ಸಲ ತೆರೀತಾರೆ, ಆರನೇ ಸಲಕ್ಕೆ ಬಟನ್ ಇಲ್ಲ.

ಔಟ್‌ಲುಕ್ 2013ರಿಂದ ಈ ಕಾವಲು ಇದೆ. ಪ್ರತಿ ಆಡ್‌ಇನ್ ಶುರುವಾಗೋಕೆ ಎಷ್ಟು ಹೊತ್ತು ತಗೊಳ್ತು ಅಂತ ಅಳೀತದೆ, ಸತತ ಐದು ಸಲದ ಮೀಡಿಯನ್ 1000 ಮಿಲಿಸೆಕೆಂಡ್ ದಾಟಿದ್ರೆ ಆಫ್ ಮಾಡ್ತದೆ. ಸರಾಸರಿ ಅಲ್ಲ, ಮೀಡಿಯನ್, ಅಂದ್ರೆ ಐದು ಅಂಕಿನ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ನಿಲ್ಲೋದು. ಹಾಗಾಗಿ ಎರಡು ದಿನ ಲೈನ್ ಚೆನ್ನಾಗಿದ್ರೂ ಮೂರು ದಿನ ಕೆಟ್ಟರೆ ಕತೆ ಮುಗೀತು. ವಿಂಡೋಸ್‌ನ ಇವೆಂಟ್ ವ್ಯೂವರ್ (ಪಿಸಿಯಲ್ಲಿ ಆದದ್ದರ ದಾಖಲೆ ತೋರಿಸೋದು) ತೆರೆದು ಅಪ್ಲಿಕೇಶನ್ ಲಾಗ್‌ನಲ್ಲಿ ಔಟ್‌ಲುಕ್ ಸೋರ್ಸ್, ಐಡಿ 45 ಹುಡುಕಿ, ಪ್ರತಿ ಆಡ್‌ಇನ್ ಮುಂದೆ ಬೂಟ್ ಟೈಮ್ (ಶುರುವಾಗೋಕೆ ಹಿಡಿದ ಹೊತ್ತು, ಮಿಲಿಸೆಕೆಂಡ್‌ನಲ್ಲಿ) ಬರೆದಿರುತ್ತೆ. ಅಕ್ಕನ ಪಿಸಿಯಲ್ಲಿ ಆ ವಾರ 640, 1820, 2310, 910, 1450. ಜೋಡಿಸಿದ್ರೆ ನಡುವಿನದು 1450. ಅದರ ಕೆಳಗೇ ಐಡಿ 59, ಔಟ್‌ಲುಕ್ ನಿಧಾನ ಶುರುವಾಗೋಕೆ ಇದೇ ಕಾರಣ ಅಂತ ಹೇಳಿ ಆಫ್ ಮಾಡಿದ ದಾಖಲೆ. ನಾನು ಕ್ರ್ಯಾಶ್ ಆಗ್ತಿದೆ ಅಂದ್ಕೊಂಡು ಎರರ್‌ಗಳನ್ನ ಮಾತ್ರ ಫಿಲ್ಟರ್ ಮಾಡಿ ಹುಡುಕ್ತಿದ್ದೆ, ಇದು ಕಣ್ಣಿಗೇ ಬಿದ್ದಿರಲಿಲ್ಲ.

ನಿಧಾನ ಯಾಕೆ ಅಂದ್ರೆ ಈ ಆಡ್‌ಇನ್ ಶುರುವಾದ ಕೂಡಲೇ ವಿಪಿಎನ್ ಮೂಲಕ ಆರ್ಕೈವ್ ಸರ್ವರ್‌ನ ಕೇಳ್ತದೆ, ಉತ್ತರ ಬರೋವರೆಗೆ ಔಟ್‌ಲುಕ್‌ನ ಹಿಡ್ಕೊಂಡು ಕೂರ್ತದೆ. ಬೇಸಿಗೆಯಲ್ಲಿ ಫೈಬರ್ ಮೇಲೆ ಅದು 400ರ ಆಸುಪಾಸು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿದು ಶಾಖೆ 4ಜಿ ಡಾಂಗಲ್ ಮೇಲೆ ಓಡುವಾಗ ಎರಡು ಸೆಕೆಂಡ್. ಮೃಗಶಿರ, ಆರಿದ್ರಾ ಮಳೆಗೂ ಆರ್ಕೈವ್ ಬಟನ್‌ಗೂ ಇದ್ದ ನಂಟು ಇದೇ.

ಆಡ್‌ಇನ್ ಆಫ್ ಆದಾಗ ಔಟ್‌ಲುಕ್ ತೋರಿಸೋ ಹಳದಿ ಪಟ್ಟಿಯಲ್ಲಿ "ಯಾವಾಗಲೂ ಎನೇಬಲ್ ಮಾಡಿ" ಒತ್ತಿದ್ರೆ ಆಯ್ತಲ್ಲ ಅಂತ ನೀವು ಕೇಳ್ತೀರಿ. ಅದು ಆ ಯೂಸರ್‌ಗೆ ಮಾತ್ರ, ನಮ್ಮ ಶಾಖೆಗಳಲ್ಲಿ ಒಂದೇ ಪಿಸಿಗೆ ಮೂರು ಜನ ಲಾಗಿನ್ ಆಗ್ತಾರೆ. ಅದಕ್ಕೆ ಗ್ರೂಪ್ ಪಾಲಿಸಿಯಲ್ಲಿ ಔಟ್‌ಲುಕ್‌ನ ಮ್ಯಾನೇಜ್ಡ್ ಆಡ್‌ಇನ್ ಪಟ್ಟಿ ತೆರೆದು ಆಡ್‌ಇನ್‌ನ ಪ್ರಾಗ್‌ಐಡಿ (ವಿಂಡೋಸ್ ಒಳಗಿನ ಅದರ ಹೆಸರು) ಕೊಟ್ಟು ಮೌಲ್ಯ 1, ಅಂದ್ರೆ ಯಾವಾಗಲೂ ಆನ್, ಅಂತ ಹಾಕಿದೆ. ಪ್ರಾಗ್‌ಐಡಿ ಅಂದಾಜಲ್ಲಿ ಟೈಪ್ ಮಾಡಬೇಡಿ, ಅದೇ ಐಡಿ 45ರ ಇವೆಂಟ್‌ನಿಂದ ಕಾಪಿ ಮಾಡಿ.

ಇಷ್ಟಾದ್ರೂ ಶನಿವಾರ ಮತ್ತೆ ಕೆಂಪು ಸೊನ್ನೆ. ಅವತ್ತು ಊಟ ಸೇರಲಿಲ್ಲ. ಯಾವ ಪಾಲಿಸಿ ತಲುಪಿದೆ ಅಂತ ಹೇಳೋ ಜಿಪಿರಿಸಲ್ಟ್ ವರದಿ ತೆಗೆದು ನೋಡಿದ್ರೆ ಪಾಲಿಸಿ ಯೂಸರ್ ಭಾಗದಲ್ಲಿ ಇಲ್ಲವೇ ಇಲ್ಲ. ಈ ಪಟ್ಟಿ ಇರೋದು ಯೂಸರ್ ಕಾನ್ಫಿಗರೇಶನ್ ಅಡಿ, ನಾನು ಲಿಂಕ್ ಮಾಡಿದ್ದು ಶಾಖೆಯ ಕಂಪ್ಯೂಟರ್‌ಗಳಿರೋ ಒಯುಗೆ (ಪಿಸಿ, ಯೂಸರ್‌ಗಳನ್ನ ಗುಂಪು ಮಾಡಿಡೋ ಫೋಲ್ಡರ್ ಥರದ್ದು), ಅದರೊಳಗೆ ಯೂಸರ್ ಒಬ್ಬರೂ ಇಲ್ಲ. ಇಡೀ ಡೊಮೈನ್‌ಗೇ, ಅಂದ್ರೆ ಸಂಘದ ಎಲ್ಲ ಪಿಸಿ, ಯೂಸರ್‌ಗೂ ಹಾಕೋಣ ಅಂದ್ರೆ ಲೆಕ್ಕಪತ್ರ ವಿಭಾಗದ ಟರ್ಮಿನಲ್ ಸರ್ವರ್‌ನಲ್ಲಿ ಈ ಆಡ್‌ಇನ್ ಬೇಡ. ಕೊನೆಗೆ ಆ ಒಯುಗೆ ಲೂಪ್‌ಬ್ಯಾಕ್ ಪ್ರೊಸೆಸಿಂಗ್ ಮರ್ಜ್ ಮೋಡ್‌ನಲ್ಲಿ ಆನ್ ಮಾಡಿ (ಪಿಸಿಯ ಒಯುಗೆ ಹಾಕಿದ ಯೂಸರ್ ಪಾಲಿಸಿ, ಆ ಪಿಸಿಗೆ ಲಾಗಿನ್ ಆದವರಿಗೂ ಹತ್ತೋ ಹಾಗೆ), ಪಿಸಿಗಳನ್ನ ರೀಸ್ಟಾರ್ಟ್ ಮಾಡಿಸಿದೆ. ಆ ಸೋಮವಾರದಿಂದ ಕ್ಯಾಲೆಂಡರ್‌ನಲ್ಲಿ ಬರೀ ಹಸಿರು.

ಆದ್ರೆ ಇದು ಬಾಗಿಲಿಗೆ ಕಲ್ಲು ಇಟ್ಟ ಹಾಗೆ ಅಷ್ಟೇ, ಶುರುವಾಗೋದು ಇನ್ನೂ ಎರಡು ಸೆಕೆಂಡೇ. ಸರ್ವರ್‌ನ ಕೇಳೋ ಕೆಲಸ ಹಿನ್ನೆಲೆಯಲ್ಲಿ ಆಗಬೇಕು, ಅದು ಮಾರಿದವರೇ ಮಾಡಬೇಕಾದ ಕೆಲಸ. ಐದನೇ ಟಿಕೆಟ್‌ಗೆ ಐದೂ ಅಂಕಿ, ಎರಡೂ ಇವೆಂಟ್, ಕ್ಯಾಲೆಂಡರ್ ಫೋಟೋ ಎಲ್ಲ ಹಾಕಿದೀನಿ. ಹೊಸ ಔಟ್‌ಲುಕ್‌ನಲ್ಲಿ ಕಾಮ್ ಆಡ್‌ಇನ್ (ಈಗ ನಮ್ಮದಿರೋ, ಪಿಸಿಯಲ್ಲೇ ಕೂರೋ ಬಗೆ) ನಡೆಯೋದೇ ಇಲ್ಲ, ಹಾಗಾಗಿ ವೆಬ್ ಆಡ್‌ಇನ್ ಯಾವಾಗ ಕೊಡ್ತೀರಿ ಅಂತಲೂ ಕೇಳಿದೀನಿ. ಅದನ್ನ ಮೈಕ್ರೋಸಾಫ್ಟ್‌ನ ಅಡ್ಮಿನ್ ಸೆಂಟರ್‌ನಿಂದ ಹಂಚುವಾಗ ಗ್ರೂಪ್ ಒಳಗೆ ಗ್ರೂಪ್ ಇದ್ರೆ ಒಳಗಿನವರಿಗೆ ತಲುಪಲ್ಲ, ನಮ್ಮ ಶಾಖೆ ಗ್ರೂಪ್‌ಗಳೆಲ್ಲ ಹಾಗೇ ಇರೋದು, ಈಗಿಂದಲೇ ಬಿಚ್ಚೋಕೆ ಶುರು ಮಾಡಬೇಕು.

ಈ ಮಧ್ಯೆ ಮುಂದಿನ ಪ್ರಾಜೆಕ್ಟ್ ಮನಸ್ಸಲ್ಲಿ ಕೂತಾಗಿದೆ. ತೀರ್ಥಹಳ್ಳಿ ಹತ್ರ ಮಾವನ ತೋಟದಲ್ಲಿ ಟಿಪ್ಪಿಂಗ್ ಬಕೆಟ್ ಮಳೆಮಾಪಕ, ಇಎಸ್‌ಪಿ32 (ಸಣ್ಣ ಕಂಪ್ಯೂಟರ್ ಚಿಪ್), ಲೋರಾ (ಕಡಿಮೆ ಕರೆಂಟಲ್ಲಿ ದೂರ ಹೋಗೋ ರೇಡಿಯೋ) 865–867 ಮೆಗಾಹರ್ಟ್ಸ್‌ನಲ್ಲಿ, ಲೈಸೆನ್ಸ್ ಬೇಡ, ಮೊಬೈಲ್ ಸಿಗ್ನಲ್ಲೂ ಬೇಡ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಎಷ್ಟು ಹೊತ್ತಿಂದ ಬಿಟ್ಟಿದೆ ಅಂತ ಮನೆ ಜಗಲಿಯಲ್ಲೇ ಗೊತ್ತಾಗಬೇಕು, ಕೊನೆಗೌಡರನ್ನ (ಅಡಿಕೆ ಮರ ಹತ್ತಿ ಕೆಲಸ ಮಾಡೋರು) ಸುಮ್ನೆ ಕರೆಸಿ ಕಾಯಿಸೋದು ತಪ್ಪುತ್ತೆ. ಬಕೆಟ್ ತರಿಸಿದೆ, ಬಂದದ್ದು ಒಡೆದಿತ್ತು, ವಾಪಸ್ ಕಳಿಸಿ ಒಂಬತ್ತು ದಿನ ಆಯ್ತು, ಕೊರಿಯರ್‌ನವರು ಫೋನೇ ಎತ್ತಲ್ಲ.

ನಿನ್ನೆ ಅಕ್ಕ ಇನ್ನೊಂದು ಫೋಟೋ ಕಳಿಸಿದ್ರು. ನಗರದ ಅದೇ ಹಿರಿಯರು ಈ ಸಲ ಬೆಟ್ಟೆ ದರ್ಜೆಯ ಅಡಿಕೆ ಲಾಟ್ ಬಗ್ಗೆ ಮೇಲ್ ಹಾಕಿದ್ದಾರೆ, ಕೆಳಗೆ ಆರ್ಕೈವ್ ಆದ ಸಮಯ 10:42 ಅಂತ ಇದೆ. "ಉತ್ತರ ನಾನೇ ಬರೀತೀನಿ ತಮಾ" ಅಂದ್ರು.