ನೀರಾಗಿ ಹೋಗುತ್ತಿತ್ತು, ಆದರೆ ಅದು ಭೇದಿ ಆಗಿರಲಿಲ್ಲ

ನಾನು ಮನೆಗಳಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸ್. ಜಿಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸ್ ಮುಗಿಸಿ ಎರಡು ವರ್ಷ ವಾರ್ಡಿನಲ್ಲಿದ್ದೆ. ಆಮೇಲಿನ 12 ವರ್ಷ ಮೈಸೂರು, ಮಂಡ್ಯದ ಮನೆಗಳಲ್ಲೇ ಕಳೆದಿದೆ. ಹೊಸ ಮನೆಗೆ ಹೋದ ದಿನ ಬಿಪಿ, ಶುಗರ್ ಚೀಟಿಗಳನ್ನು ಎಲ್ಲರೂ ತಾವಾಗೇ ಕೈಗಿಡುತ್ತಾರೆ. ಹೊಟ್ಟೆಯ ವಿಷಯ, ಅಂದರೆ ಮಲ ಸರಿಯಾಗಿ ಹೋಗುತ್ತಿದೆಯಾ ಅನ್ನುವುದನ್ನು ಮಾತ್ರ ನಾನೇ ಕೇಳಬೇಕು. ಅದನ್ನು ಹೇಗೆ ಕೇಳಬೇಕು ಅಂತ ನನಗೆ ಕಲಿಸಿದ್ದು ಒಬ್ಬರು ಅಜ್ಜಿ. ಅವರು ಪಟ್ಟ ಕಷ್ಟದಲ್ಲಿ ನನ್ನ ತಪ್ಪೂ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅವರಿಗೆ ಆಗ 82. ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಕೀಲು ಬದಲಾಯಿಸುವ ಆಪರೇಷನ್ ಆಗಿ ಮನೆಗೆ ಬಂದಿದ್ದರು. ಹಗಲು ನಾನು, ರಾತ್ರಿ ಅವರ ಸೊಸೆ. ಮೊದಲ ದಿನಗಳಲ್ಲಿ ನನ್ನ ಗಮನವೆಲ್ಲ ಹೊಲಿಗೆ ಒಣಗುತ್ತಿದೆಯಾ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರಾ ಅನ್ನುವುದರ ಮೇಲೆ. "ಮೋಷನ್ ಆಯ್ತಾ ಅಜ್ಜಿ?" ಅಂತ ಬೆಳಿಗ್ಗೆ ಕೇಳುತ್ತಿದ್ದೆ. "ಆಯ್ತಮ್ಮ, ಆಯ್ತು" ಅನ್ನುತ್ತಿದ್ದರು. ರಾತ್ರಿ ಆಗಿರಬೇಕು ಅಂತ ನಾನಂದುಕೊಂಡೆ. ಹಗಲು ಆಗಿರಬೇಕು ಅಂತ ಸೊಸೆ ಅಂದುಕೊಂಡರು. ನಾವಿಬ್ಬರೂ ಒಬ್ಬರನ್ನೊಬ್ಬರು ಒಮ್ಮೆಯೂ ಕೇಳಲಿಲ್ಲ.

ಏಳನೇ ದಿನ ಬೆಡ್‌ಶೀಟ್ ಮೇಲೆ ಕಂದು ಬಣ್ಣದ ನೀರಿನ ಕಲೆ ಇತ್ತು. ಅಂಗೈ ಅಗಲ, ಅಷ್ಟೇ. ಬದಲಾಯಿಸಿದೆ. ಒಂದು ಗಂಟೆಗೆ ಮತ್ತೆ ಅಷ್ಟೇ. ಸಂಜೆಯೊಳಗೆ ನಾಲ್ಕು ಸಲ. ಅಜ್ಜಿಗೆ ಅದು ಆಗಿದ್ದೇ ಗೊತ್ತಿರಲಿಲ್ಲ. "ಏನೋ ವಾಸನೆ ಬರ್ತಿದೆ ಅಲ್ವಾ?" ಅಂತ ನನ್ನನ್ನೇ ಕೇಳಿದರು. ನಾನು ಡಾಕ್ಟರಿಗೆ ಫೋನ್ ಮಾಡಿ "ನಾಲ್ಕು ಸಲ ಲೂಸ್ ಮೋಷನ್ ಆಗಿದೆ" ಅಂದೆ. ಅದಕ್ಕೆ ಮುಂಚೆ ಎಷ್ಟು ದಿನ ಆಗಿರಲಿಲ್ಲ ಅಂತ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ಕೇಳಿ ಅವರು ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಹೇಳಿದರು. ಎರಡು ಕೊಟ್ಟೆವು.

ಮರುದಿನ ಅಜ್ಜಿ ಊಟ ಮುಟ್ಟಲಿಲ್ಲ. ಹೊಟ್ಟೆ ತಮಟೆ ತರ ಬಿಗಿದಿತ್ತು. ಮೂತ್ರವೂ ಸರಿಯಾಗಿ ಹೋಗಲಿಲ್ಲ. ರಾತ್ರಿ ಇಡೀ ತೀರಿಕೊಂಡ ಯಜಮಾನರನ್ನು ಕರೆಯುತ್ತಾ, ಹಾಸಿಗೆ ಬಿಟ್ಟು ಏಳಲು ನೋಡಿದರಂತೆ. ನೋಡಲು ಬಂದ ನೆಂಟರೊಬ್ಬರು "ಅರಳು ಮರಳು ಶುರುವಾಯ್ತು, ಇನ್ನು ಹೀಗೇ" ಅಂದುಬಿಟ್ಟರು.

ಡಾಕ್ಟರ್ ಮನೆಗೇ ಬಂದರು. ಹೊಟ್ಟೆ ಮುಟ್ಟಿ ನೋಡಿ, ಗ್ಲೌಸ್ ಹಾಕಿ ಬೆರಳಿಟ್ಟು ಪರೀಕ್ಷೆ ಮಾಡಿದರು. ಒಳಗೆ ಕಲ್ಲಿನಂತೆ ಗಟ್ಟಿಯಾದ ಮಲ ತುಂಬಿ ಕೂತಿತ್ತು. ಎರಡು ದಿನ ಎನಿಮಾ ಕೊಟ್ಟು, ಸ್ವಲ್ಪವನ್ನು ಕೈಯಿಂದಲೇ ತೆಗೆಯಬೇಕಾಯಿತು. ಅಜ್ಜಿ ಗೋಡೆ ಕಡೆ ಮುಖ ಮಾಡಿ, ಸೆರಗು ಬಾಯಿಗೆ ಒತ್ತಿಕೊಂಡು ಮಲಗಿದ್ದರು. ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇವತ್ತಿಗೂ ನೆನಪಿದೆ. ಮೂರನೇ ದಿನ ಬೆಳಿಗ್ಗೆ "ಪೇಪರ್ ಬಂತಾ?" ಅಂತ ಕೇಳಿದರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅರಳು ಮರಳು ಎಲ್ಲೂ ಇರಲಿಲ್ಲ.

ಒಳಗೆ ನಡೆದದ್ದು ಇಷ್ಟು. ದೊಡ್ಡ ಕರುಳು ಮಲದಲ್ಲಿರುವ ನೀರನ್ನು ಹೀರುತ್ತದೆ. ಎಷ್ಟು ದಿನ ಒಳಗೆ ಉಳಿಯುತ್ತದೋ ಅಷ್ಟು ಗಟ್ಟಿಯಾಗುತ್ತದೆ. ಕೊನೆಗೆ ಅದು ಬಿರಡೆ ಹಾಕಿದ ಹಾಗೆ ದಾರಿ ಮುಚ್ಚುತ್ತದೆ. ಅದರ ಮೇಲಿರುವ ನೀರಾದ ಮಲ ಸಂದಿಯಲ್ಲಿ ಜಿನುಗಿ ಹೊರಗೆ ಬರುತ್ತದೆ. ಗುದದ್ವಾರದ ಹತ್ತಿರದ ಜಾಗ ಹಿಗ್ಗಿ ಹಿಗ್ಗಿ ಅರಿವು ಕಡಿಮೆಯಾಗಿರುತ್ತದೆ, ಹಾಗಾಗಿ ಅವರಿಗೆ ತಿಳಿಯುವುದಿಲ್ಲ. ನೋಡುವವರಿಗೆ ಭೇದಿ ಅನ್ನಿಸುತ್ತದೆ. ನಿಲ್ಲಿಸುವ ಮಾತ್ರೆ ಕೊಟ್ಟರೆ ಕರುಳು ಇನ್ನೂ ನಿಧಾನವಾಗಿ, ಬಿರಡೆ ಇನ್ನೂ ಬಿಗಿಯುತ್ತದೆ. ಹಾಸಿಗೆ ಹಿಡಿದವರಿಗೆ ಕೆಲವು ದಿನ ಏನೂ ಆಗದೆ, ಆಮೇಲೆ ಇದ್ದಕ್ಕಿದ್ದಂತೆ ಸ್ವಲ್ಪ ಸ್ವಲ್ಪ ನೀರಾಗಿ, ಗೊತ್ತಿಲ್ಲದಂತೆ ಹೋಗಲು ಶುರುವಾದರೆ ಈಗ ನನಗೆ ಮೊದಲು ಬರುವ ಅನುಮಾನ ಇದೇ. ಡಾಕ್ಟರಿಗೆ ಫೋನ್ ಮಾಡುವಾಗ ಕೊನೆಯ ಸಲ ಸರಿಯಾಗಿ ಆದದ್ದು ಯಾವತ್ತು ಅನ್ನುವುದನ್ನೇ ಮೊದಲು ಹೇಳುತ್ತೇನೆ.

ಅಜ್ಜಿ "ಆಯ್ತು" ಅಂದದ್ದು ಸುಳ್ಳು ಹೇಳಬೇಕು ಅಂತಲ್ಲ. ಒಂದು ತುಣುಕು ಬಂದಿರುತ್ತದೆ, ಅದೇ ಅವರಿಗೆ "ಆಯ್ತು". ಇಲ್ಲ ಅಂದರೆ ಹುಡುಗಿ ಮತ್ತೆ ಬೆಡ್‌ಪ್ಯಾನ್ ಹಿಡಿದು ಬರುತ್ತಾಳೆ, ಸೊಸೆ ತೊಳೆಯಬೇಕಾಗುತ್ತದೆ ಅನ್ನುವ ಸಂಕೋಚ. ಜೀವಮಾನವೆಲ್ಲ ಬಾಗಿಲು ಹಾಕಿಕೊಂಡು ಮಾಡಿದ ಕೆಲಸವನ್ನು ಇನ್ನೊಬ್ಬರ ಮುಂದೆ ಮಾಡು ಅಂದರೆ ಯಾರಿಗೆ ಸುಲಭ? ಹಾಗಾಗಿ ಈಗ ಬೇರೆ ತರ ಕೇಳುತ್ತೇನೆ. "ಇವತ್ತು ಎಷ್ಟಾಯ್ತು? ಆಡಿನ ಹಿಕ್ಕೆ ತರ ಇತ್ತಾ, ಬಾಳೆಹಣ್ಣಿನ ತರ ಇತ್ತಾ? ತಿಣುಕಬೇಕಾಯ್ತಾ? ಇನ್ನೂ ಇದೆ ಅನ್ನಿಸ್ತಿದೆಯಾ?" ಆಸ್ಪತ್ರೆಗಳಲ್ಲಿ ಇದಕ್ಕೆ ಬ್ರಿಸ್ಟಲ್ ಪಟ್ಟಿ ಅಂತ 7 ಬಗೆಯ ಚಿತ್ರಗಳಿವೆ. ಮನೆಯಲ್ಲಿ ಹಿಕ್ಕೆ, ಬಾಳೆಹಣ್ಣು, ಅಂಬಲಿ ಈ ಮೂರು ಮಾತು ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ಕೈಲಾದಾಗ ನಾನೇ ಕಣ್ಣಾರೆ ನೋಡುತ್ತೇನೆ.

ಆ ಮನೆಯ ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿತ್ತು. ಅದರ ಮೇಲೆ ಬರೆದಿಡೋಣ ಅಂತ ಸೊಸೆಗೆ ಹೇಳಿದೆ. ಅಜ್ಜಿಗೆ ಕೇಳಿಸಿತು. "ಏಕಾದಶಿ ಇರೋ ಜಾಗದಲ್ಲಿ ಅದನ್ನೆಲ್ಲ ಬರೀತಾರೇನಮ್ಮ?" ಅಂದರು. ಸರಿ, ಬರೆಯಲಿಲ್ಲ. ಚೆನ್ನಾಗಿ ಆದ ದಿನ ಮೂಲೆಯಲ್ಲಿ ಪೆನ್ಸಿಲಿನ ಒಂದು ಚುಕ್ಕಿ, ಸ್ವಲ್ಪವೇ ಆದರೆ ಸಣ್ಣ ಗೆರೆ. ಬಂದವರಿಗೆ ಅರ್ಥವಾಗುವುದಿಲ್ಲ, ನಮಗೆ ಗೊತ್ತು. ಎರಡು ದಿನ ಚುಕ್ಕಿ ಇಲ್ಲದಿದ್ದರೆ ನೀರು, ಊಟ, ಮಾತ್ರೆ ಎಲ್ಲ ಮತ್ತೆ ನೋಡುತ್ತೇವೆ. ಮೂರು ದಿನ ಆದರೆ ಡಾಕ್ಟರಿಗೆ ಫೋನ್. ದಿನಾ ಆಗಲೇಬೇಕು ಅಂತೇನಿಲ್ಲ. ಕೆಲವರಿಗೆ ಮೊದಲಿನಿಂದಲೂ ಎರಡು ದಿನಕ್ಕೊಮ್ಮೆ, ಮೆತ್ತಗೆ, ಕಷ್ಟವಿಲ್ಲದೆ ಆಗುತ್ತದೆ. ಅವರ ರೂಢಿ ಯಾವುದು ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು.

ಮಾತ್ರೆಗಳ ವಿಷಯ. ಅಜ್ಜಿ ನೋವಿಗೆ ಟ್ರಮಡಾಲ್, ರಕ್ತಕ್ಕೆ ಕಬ್ಬಿಣದ ಮಾತ್ರೆ, ಮೂಳೆಗೆ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತಿದ್ದರು. ಮೂರೂ ಹೊಟ್ಟೆ ಕಟ್ಟುವಂಥವೇ, ಅಂದರೆ ಮಲಬದ್ಧತೆ ತರುವಂಥವೇ. ಡಬ್ಬಿ ನನ್ನ ಕೈಯಲ್ಲೇ ಇತ್ತು, ಮೂರನ್ನೂ ಸೇರಿಸಿ ಯೋಚಿಸಲಿಲ್ಲ. ಆಮೇಲೆ ಡಾಕ್ಟರ್ ಟ್ರಮಡಾಲ್ ಬಿಡಿಸಿ ಪ್ಯಾರಾಸಿಟಮಾಲ್ ಕೊಟ್ಟರು. ಬಿಪಿಯ ಕೆಲವು ಮಾತ್ರೆ, ನಿದ್ದೆಯ, ಖಿನ್ನತೆಯ ಕೆಲವು ಮಾತ್ರೆಗಳೂ ಹೀಗೆ ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಪಟ್ಟಿ ಮುಂದಿಟ್ಟು "ಇದರಲ್ಲಿ ಯಾವುದು ಹೊಟ್ಟೆ ಕಟ್ಟುತ್ತೆ ಡಾಕ್ಟ್ರೇ?" ಅಂತ ಕೇಳಿ. ಥೈರಾಯ್ಡ್ ಕಡಿಮೆ ಇದ್ದರೂ ಹೀಗಾಗುತ್ತದೆ, ಅದನ್ನೂ ಕೇಳಿ.

ನೀರಲ್ಲಿ ಕಲಸಿ ಕುಡಿಯುವ ನಾರಿನ ಹೊಟ್ಟು ಇಸಬ್‌ಗೋಲ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಎಲ್ಲ ಮನೆಯಲ್ಲೂ ಮೊದಲು ತರುವುದು ಅದನ್ನೇ. ಓಡಾಡಿಕೊಂಡು ಚೆನ್ನಾಗಿ ನೀರು ಕುಡಿಯುವವರಿಗೆ ಒಳ್ಳೆಯದು. ಮಲಗಿದಲ್ಲೇ ಇದ್ದು ದಿನಕ್ಕೆ ಮೂರು ಲೋಟ ನೀರೂ ಕುಡಿಯದವರಿಗೆ ಕೊಟ್ಟರೆ ಒಳಗೇ ಉಬ್ಬಿ ಇನ್ನಷ್ಟು ಕಟ್ಟಿಕೊಳ್ಳಬಹುದು. ನುಂಗಲು ಕಷ್ಟ ಇರುವವರಿಗೆ ಗಂಟಲಲ್ಲೂ ಸಿಕ್ಕಬಹುದು. ಅಂಥವರಿಗೆ ಡಾಕ್ಟರುಗಳು ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್ ಅಥವಾ ನೀರಲ್ಲಿ ಕಲಸುವ ಪಿಇಜಿ ಪುಡಿ ಬರೆಯುವುದು ಜಾಸ್ತಿ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು. ರಾತ್ರಿ ಕೊಟ್ಟು ಬೆಳಿಗ್ಗೆ ಆಗಲಿಲ್ಲ ಅಂತ ಇನ್ನೊಂದು ಡೋಸ್ ಸುರಿಯಬೇಡಿ. ಮಲಗಿಸಿಕೊಂಡು ಪ್ಯಾರಾಫಿನ್ ಎಣ್ಣೆ ಕುಡಿಸುವುದಂತೂ ಬೇಡವೇ ಬೇಡ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾವನ್ನೂ ಕಿಡ್ನಿ, ಹೃದಯದ ತೊಂದರೆ ಇರುವ ಹಿರಿಯರಿಗೆ ಕೇಳದೆ ಹಾಕಬಾರದು.

ಔಷಧಿಗಿಂತ ನನಗೆ ಹೆಚ್ಚು ಕೈ ಹಿಡಿದದ್ದು ಹೊತ್ತು. ಹೊಟ್ಟೆಗೆ ಊಟ ಬಿದ್ದ ತಕ್ಷಣ ದೊಡ್ಡ ಕರುಳು ಮಿಸುಕುತ್ತದೆ, ಬೆಳಿಗ್ಗೆ ಇನ್ನೂ ಜಾಸ್ತಿ. ಎದ್ದ ಮೇಲೆ ಬಿಸಿನೀರು, ತಿಂಡಿ, ಅದಾಗಿ ಇಪ್ಪತ್ತು ನಿಮಿಷಕ್ಕೆ ಕಮೋಡ್ ಕುರ್ಚಿ. ಬಂದರೂ ಬರದಿದ್ದರೂ ಹತ್ತು ನಿಮಿಷ. ಪರದೆ ಎಳೆದು, ಕರೆದರೆ ಕೇಳಿಸುವಷ್ಟು ದೂರದಲ್ಲಿ ನಿಲ್ಲುತ್ತೇನೆ. ಬೆಡ್‌ಪ್ಯಾನ್ ಮೇಲೆ ಅಂಗಾತ ಮಲಗಿ ತಿಣುಕುವುದು ಎಷ್ಟು ಕಷ್ಟ ಅಂತ ಒಮ್ಮೆ ಯೋಚಿಸಿ. ಕೂರಲು ಆಗುವವರನ್ನು ಕೂರಿಸಲೇಬೇಕು. ನೆಲದ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂತು ರೂಢಿ ಇದ್ದವರಿಗೆ ಕಮೋಡ್ ಮೇಲೆ ಪಾದದಡಿ ಒಂದು ಮಣೆ ಇಟ್ಟರೆ ಮಂಡಿ ಮೇಲೇರಿ ಸಲೀಸಾಗುತ್ತದೆ. ಆದರೆ ಈ ಅಜ್ಜಿಗೆ ಮಣೆ ಇಡಲಿಲ್ಲ. ಕೀಲು ಬದಲಾಯಿಸಿದ ಹೊಸದರಲ್ಲಿ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು ಅಂತ ಸರ್ಜನ್ ಹೇಳಿದ್ದರು. ಪಾದ ನೆಲಕ್ಕೆ ಊರಿಸಿ, ಎತ್ತರದ ಸೀಟಿನಲ್ಲಿ ಕೂರಿಸುತ್ತಿದ್ದೆವು.

ಊಟದಲ್ಲಿ ಹಲ್ಲಿಲ್ಲ ಅಂತ ಹಾಲು, ರಸ್ಕು, ಬ್ರೆಡ್ಡು, ಮೆತ್ತಗಿನ ಮೊಸರನ್ನ ಇಷ್ಟೇ ನಡೆದಿತ್ತು. ನಾರಿನ ಅಂಶವೇ ಇಲ್ಲ. ಸೊಪ್ಪನ್ನು ಚೆನ್ನಾಗಿ ಬೇಯಿಸಿ ಮಸೆದು ಹುಳಿ, ರಾಗಿ ಅಂಬಲಿ, ನೆನೆಸಿ ಕಿವುಚಿದ ಒಣದ್ರಾಕ್ಷಿ, ಹಣ್ಣಾದ ಪಪ್ಪಾಯಿ ಸೇರಿಸಿದೆವು. ಒಂದೇ ದಿನ ಎಲ್ಲ ಸುರಿಯಲಿಲ್ಲ, ಸುರಿದರೆ ಹೊಟ್ಟೆ ಉಬ್ಬರಿಸುತ್ತದೆ.

ನೀರು ಕುಡಿಸುವುದೇ ದೊಡ್ಡ ಕೆಲಸ. ಆಮೇಲೆ ನೋಡಿಕೊಂಡ ಒಬ್ಬರು ತಾತ ಸಂಜೆ ನಾಲ್ಕರ ಮೇಲೆ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಮೂತ್ರಕ್ಕೆ ಅಂತ ರಾತ್ರಿ ಮಗಳನ್ನು ಎಬ್ಬಿಸಬೇಕಾಗುತ್ತದೆ ಅಂತ. ಅವರು ಅದನ್ನು ಮಗಳಿಗೆ ಹೇಳಿರಲಿಲ್ಲ, ಎಣ್ಣೆ ಹಚ್ಚುವಾಗ ನನಗೆ ಹೇಳಿದರು. ಮಂಚದ ಪಕ್ಕ ಯೂರಿನ್ ಬಾಟಲ್ ತೂಗುಹಾಕಿ, ಬಳಸುವುದು ಹೇಳಿಕೊಟ್ಟೆ. ಹೃದಯ, ಕಿಡ್ನಿಗೆ ನೀರಿನ ಮಿತಿ ಇಲ್ಲ ಅಂತ ಡಾಕ್ಟರ ಹತ್ತಿರ ಖಚಿತ ಮಾಡಿಕೊಂಡು, ಹೆಚ್ಚು ನೀರನ್ನು ಬೆಳಗಿನ ಹೊತ್ತಿಗೇ ಇಟ್ಟೆವು. ಮಜ್ಜಿಗೆ, ಸಾರು, ಎಳನೀರು ಎಲ್ಲವೂ ಲೆಕ್ಕಕ್ಕೆ. ಮಗಳು ಅವತ್ತು ನನ್ನ ಮುಂದೆಯೇ ಅತ್ತುಬಿಟ್ಟರು. "ಎಬ್ಬಿಸಿದ್ರೆ ನಾನೇನು ಬೈತಿದ್ನಾ ಅಪ್ಪಾ?" ಅಂದರು.

ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಮನೆಮದ್ದು ಬೇಡ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಮಲದಲ್ಲಿ ರಕ್ತ, ಸುಮ್ನೆ ತೂಕ ಇಳಿಯುವುದು, ಚೆನ್ನಾಗಿದ್ದವರಿಗೆ ಈಚೆಗೆ ಹೊಸದಾಗಿ ಕಟ್ಟಿಕೊಳ್ಳುವುದು, ಇವನ್ನೂ ವಯಸ್ಸಾಯ್ತು ಅಂತ ಬಿಡಬೇಡಿ, ತೋರಿಸಿ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದುಂಟು, ಆದರೆ ಟಾರಿನಂತೆ ಅಂಟಂಟಾಗಿ ಕಪ್ಪಾದರೆ ಅದನ್ನೂ ತಕ್ಷಣ ಹೇಳಿ.

ಅಜ್ಜಿಯ ಮನೆಯಲ್ಲಿ ನನ್ನ ಡ್ಯೂಟಿ ಮೂರು ತಿಂಗಳಿಗೆ ಮುಗಿಯಿತು. ಹೊರಡುವ ದಿನ ವಾಕರ್ ಹಿಡಿದು ಅವರೇ ಅಡುಗೆಮನೆಗೆ ಬಂದರು. ಕ್ಯಾಲೆಂಡರ್ ಮುಂದೆ ನಿಂತು, ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಅವತ್ತಿನ ತಾರೀಖಿನ ಚೌಕದಲ್ಲಿ ತಾವೇ ಒಂದು ಚುಕ್ಕಿ ಇಟ್ಟರು.