ಕಟಕಟೆಗೆ ಹತ್ತಿದ ಚಿತ್ರಗಳು

ಸಮಾಜ ಪಾಠದ ಪೀರಿಯಡ್ ಅಂದರೆ ನಮ್ಮ ಕಾಲದಲ್ಲಿ ನೋಟ್ಸ್. ಕಾರಣಗಳು ಐದು, ಪರಿಣಾಮಗಳು ಆರು, ಕೆಂಪು ಇಂಕಿನಲ್ಲಿ ಅಡಿಗೆರೆ. ಎಂಟನೇ ಕ್ಲಾಸಿನವರೆಗೆ ಇತಿಹಾಸವನ್ನು ಹಾಗೇ ಉರು ಹೊಡೆದುಕೊಂಡು ಬಂದಿದ್ದೆವು. ಒಂಬತ್ತಕ್ಕೆ ಸಿಕ್ಕ ಮೇಷ್ಟ್ರು ಹಾಜರಿ ಪುಸ್ತಕದ ಜೊತೆಗೆ ಕಂಕುಳಲ್ಲಿ ರಟ್ಟಿನ ಕಟ್ಟು ಹಿಡಿದು ಬರುತ್ತಿದ್ದರು. ಹಳೆಯ ಪತ್ರಿಕೆಯಿಂದ ಕತ್ತರಿಸಿದ್ದು, ಎಲ್ಲಿಂದಲೋ ತರಿಸಿದ ಜೆರಾಕ್ಸು, ಎಲ್ಲವನ್ನೂ ಮೈದಾ ಅಂಟಿನಲ್ಲಿ ರಟ್ಟಿಗೆ ಅಂಟಿಸಿಟ್ಟ ಚಿತ್ರಗಳು. ಅವರ ಹೆಸರು ಬರೆಯುವುದಿಲ್ಲ. ಯಾರಾದರೂ ಹೊಗಳಲು ಶುರುಮಾಡಿದರೆ ಎದ್ದು ಹೋಗುತ್ತಿದ್ದ ಆಸಾಮಿ. ನಮ್ಮ ಬ್ಯಾಚಿನವರಿಗೆ ಯಾರೆಂದು ಗೊತ್ತಾಗಿರುತ್ತದೆ.

ಮೊದಲು ಹೊರಬಂದ ರಟ್ಟು ಭಾರತಮಾತೆಯದು. ಅಂಗಡಿ ಕ್ಯಾಲೆಂಡರಿನ ಸಿಂಹ, ಕಿರೀಟ, ಬಾವುಟದ ತಾಯಿಯಲ್ಲ. ಅಬನೀಂದ್ರನಾಥ ಟ್ಯಾಗೋರರು 1905ರಲ್ಲಿ, ಬಂಗಾಳದ ವಿಭಜನೆಯ ಹೊತ್ತಿನಲ್ಲಿ ಬರೆದದ್ದು. ಕಾವಿಯುಟ್ಟ ಸಪೂರ ಹೆಂಗಸು, ನಾಲ್ಕು ಕೈ. ಭತ್ತದ ತೆನೆ, ಬಿಳಿ ಬಟ್ಟೆ, ಪುಸ್ತಕ, ಜಪಮಾಲೆ. "ಆಯುಧವೇ ಇಲ್ಲವಲ್ಲ ಸಾರ್" ಅಂದ ಹಿಂದಿನ ಬೆಂಚಿನವನೊಬ್ಬ. ಮೇಷ್ಟ್ರಿಗೆ ಅದೇ ಬೇಕಿತ್ತು. "ಇಲ್ಲದ್ದು ಆಮೇಲೆ. ಇರೋ ನಾಲ್ಕನ್ನ ಬರ್ಕೊಳ್ಳಿ. ಆ ವರ್ಷ ಆ ಜನಕ್ಕೆ ಈ ನಾಲ್ಕೇ ಯಾಕೆ ಬೇಕಾಗಿತ್ತು?" ವಿದೇಶಿ ಬಟ್ಟೆ ಸುಟ್ಟದ್ದು, ರಾಷ್ಟ್ರೀಯ ಶಾಲೆಗಳನ್ನು ತೆರೆದದ್ದು ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಪಾಯಿಂಟುಗಳಾಗಿ ಬಿದ್ದಿದ್ದವು. ಆ ದಿನ ಅವು ಒಬ್ಬಳೇ ಹೆಂಗಸಿನ ಕೈಗಳಿಗೆ ಬಂದು ಕೂತವು. ಆಕೆ ಮೊದಲು ಬಂಗಮಾತೆಯಾಗಿದ್ದಳು, ಭಾರತಮಾತೆ ಆದದ್ದು ಆಮೇಲೆ ಅಂತಲೂ ಹೇಳಿ, ಹೆಸರು ಬದಲಾದರೆ ಚಿತ್ರದ ಅರ್ಥ ಬದಲಾಗುತ್ತದಾ ಎಂದು ಕೇಳಿ, ಉತ್ತರ ಹೇಳದೆ ಬೆಲ್ ಹೊಡೆದ ಕೂಡಲೇ ಹೊರಟುಬಿಟ್ಟರು. ಇದು ಅವರ ಕೆಟ್ಟ ಚಾಳಿ.

ನಾನೀಗ ತಾಲ್ಲೂಕು ಕೋರ್ಟಿನಲ್ಲಿ ವಕೀಲ. ಸಾಕ್ಷಿಯನ್ನು ಪಾಟೀಸವಾಲು ಮಾಡುವುದನ್ನು ಕಾನೂನು ಕಾಲೇಜಿಗಿಂತ ಮೊದಲು ಕಲಿತದ್ದು ಸ್ಪೇನಿನ ಚಿತ್ರಕಾರ ಪಿಕಾಸೊನ ‘ಗೆರ್ನಿಕಾ’ ಚಿತ್ರದ ಮುಂದೆ.

ಆ ಚಿತ್ರದ ಅಂಗೈಯಗಲದ ಜೆರಾಕ್ಸ್ ನೋಡಿ ನಾವೆಲ್ಲ ನಕ್ಕಿದ್ದೆವು. ಕಣ್ಣು ಒಂದು ಕಡೆ, ಮೂಗು ಇನ್ನೊಂದು ಕಡೆ. ಮೇಷ್ಟ್ರು ಬೈಯಲಿಲ್ಲ. ಸೀಮೆಸುಣ್ಣ ಮತ್ತು ಅಳತೆ ಟೇಪು ಕೊಟ್ಟು, 7.76 ಮೀಟರ್ ಉದ್ದ, 3.49 ಮೀಟರ್ ಎತ್ತರ, ಗೋಡೆ ಮೇಲೆ ಗೆರೆ ಎಳೆಯಿರಿ ಎಂದರು. ನಮ್ಮ ಕ್ಲಾಸಿನ ಗೋಡೆ ಸಾಲಲಿಲ್ಲ. ಕೊನೆಗೆ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿದೆವು. ಸತ್ತ ಮಗುವನ್ನು ಎತ್ತಿಕೊಂಡು ಬಾಯಿ ತೆರೆದ ತಾಯಿ ಎಡಗಡೆ, ನಡುವೆ ಒದ್ದಾಡುವ ಕುದುರೆ, ಅದರ ಕಾಲಡಿಯಲ್ಲಿ ಮುರಿದ ಕತ್ತಿ ಹಿಡಿದು ಬಿದ್ದವನು, ಬಲತುದಿಯಲ್ಲಿ ಎರಡೂ ಕೈ ಮೇಲೆತ್ತಿದವಳು. ಒಬ್ಬೊಬ್ಬರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದರು. ನನ್ನ ಪಾಲಿಗೆ ಬಂದದ್ದು ಗೂಳಿ. ಏನೂ ಮಾಡದೆ ಸುಮ್ಮನೆ ನಿಲ್ಲಬೇಕಿತ್ತು. ಅಷ್ಟು ಕಷ್ಟದ ಪಾತ್ರ ಆಮೇಲೆ ಸಿಕ್ಕಿಲ್ಲ.

ಆಮೇಲೆ ಕಥೆ ಹೇಳಿದರು. 1937ರ ಏಪ್ರಿಲ್ 26, ಸೋಮವಾರ, ಸ್ಪೇನಿನ ಬಾಸ್ಕ್ ಸೀಮೆಯ ಗೆರ್ನಿಕಾ ಊರಿನ ಸಂತೆ ದಿನ. ಅಲ್ಲಿನ ಅಂತರ್ಯುದ್ಧದಲ್ಲಿ ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ ಸೇನಾನಿ ಫ್ರಾಂಕೋನ ಪರವಾಗಿ ಹಿಟ್ಲರನ ಕಾಂಡೋರ್ ಲೀಜನ್ ಎಂಬ ಪಡೆಯ ವಿಮಾನಗಳೂ ಇಟಲಿಯ ವಿಮಾನಗಳೂ ಬಂದು ಬಾಂಬು ಹಾಕಿದವು. ಪಿಕಾಸೊ ಇದ್ದದ್ದು ಪ್ಯಾರಿಸ್ಸಿನಲ್ಲಿ. ಪತ್ರಿಕೆಗಳಲ್ಲಿ ಸುದ್ದಿ ನೋಡಿ, ಅಲ್ಲಿನ ಅಂತರರಾಷ್ಟ್ರೀಯ ಪ್ರದರ್ಶನದ ಸ್ಪೇನ್ ಮಂಟಪಕ್ಕಾಗಿ ಇದನ್ನು ಬರೆದ. ಬರೆಸಿದ್ದು ಫ್ರಾಂಕೋನ ಎದುರಾಳಿ ಗಣರಾಜ್ಯ ಸರ್ಕಾರ. "ಹಾಗಾದ್ರೆ ಇವನು ಕಂಡ ಸಾಕ್ಷಿಯೋ, ಕೇಳಿದ ಸಾಕ್ಷಿಯೋ? ಇವನನ್ನ ಕರೆಸಿದ ಪಾರ್ಟಿ ಯಾವುದು?" ಕ್ಲಾಸು ಎರಡು ಹೋಳಾಯಿತು. ಕಣ್ಣಾರೆ ಕಾಣದವನ ಮಾತು ನಂಬಬೇಡಿ ಎಂದು ನಾವು ಕೆಲವರು. ಕುದುರೆ ಮೈಮೇಲೆ ಪತ್ರಿಕೆಯ ಅಚ್ಚಿನ ಹಾಗೆ ಸಣ್ಣ ಗೀಟುಗಳಿವೆ, ಓದಿ ಬರೆದದ್ದನ್ನು ಅವನೇನೂ ಮುಚ್ಚಿಟ್ಟಿಲ್ಲ ಎಂದು ಒಬ್ಬ ಹುಡುಗಿ. ವಾದದಲ್ಲಿ ಅವಳೇ ಗೆದ್ದಳು.

"ಈಗ ಹೇಳಿ, ವಿಮಾನ ಎಲ್ಲಿದೆ?" ಹುಡುಕಿದೆವು. ಇಲ್ಲ. ಬಾಂಬೂ ಇಲ್ಲ. ಹಾಕಿದವನ ಗುರುತು ಒಂದೂ ಇಲ್ಲ. ಊರನ್ನು ಎಡಪಂಥದವರೇ ಸುಟ್ಟರು ಎಂದು ಫ್ರಾಂಕೋನ ಕಡೆಯವರು ಪ್ರಚಾರ ಮಾಡಿದ್ದರು. ಸತ್ತವರು 1,654 ಎಂದು ಬಾಸ್ಕ್ ಸರ್ಕಾರ ಹೇಳಿತ್ತು. ಆಮೇಲಿನ ಇತಿಹಾಸಕಾರರು ಕೊಡುವ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಸಂಖ್ಯೆ ಇಳಿದರೆ ಅಪರಾಧವೂ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ನಾನು ಇವತ್ತೂ ಸರಿಯಾಗಿ ಉತ್ತರ ಕೊಡಲಾರೆ.

ಕಂಡ ಸಾಕ್ಷಿಯಾದರೂ ಕಣ್ಣುಮುಚ್ಚಿ ನಂಬಬಹುದು ಎಂದುಕೊಂಡಿದ್ದ ನಮಗೆ ಮುಂದಿನ ವಾರ ಬಂಗಾಳದ ಚಿತ್ರಕಾರ ಚಿತ್ತಪ್ರಸಾದ್ ಸಿಕ್ಕರು. 1943ರ ಬಂಗಾಳದ ಕ್ಷಾಮ ನಮ್ಮ ಪುಸ್ತಕದಲ್ಲಿ ಹೆಚ್ಚೆಂದರೆ ಒಂದು ಸಾಲು. ಈ ಮನುಷ್ಯ ಮಿಡ್ನಾಪುರ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಹಸಿದವರ ಎದುರು ಕೂತು ಕಪ್ಪು ಮಸಿಯಲ್ಲಿ ಚಿತ್ರ ಬರೆದು, ಅವರ ಹೆಸರು, ಊರು ಗುರುತು ಹಾಕಿಕೊಂಡವರು. ‘ಹಂಗ್ರಿ ಬೆಂಗಾಲ್’ ಎಂಬ ಅವರ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ನಾಶಮಾಡಿತು. ಪಕ್ಕೆಲುಬು ಎಣಿಸುವಂತಿದ್ದ ಆ ಮೈಗಳನ್ನು ನೋಡಿ ಯಾರಿಗೂ ನಗು ಬರಲಿಲ್ಲ.

ಮೇಷ್ಟ್ರು ಅಲ್ಲಿಗೂ ಬಿಡಲಿಲ್ಲ. ಚಿತ್ತಪ್ರಸಾದ್ ಕಮ್ಯುನಿಸ್ಟ್ ಪಕ್ಷದವರು. ಆ ಪಕ್ಷ ಆಗ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಕಡೆಗೆ ಬೆಂಬಲ ಕೊಟ್ಟಿತ್ತು, ಕ್ವಿಟ್ ಇಂಡಿಯಾ ಚಳವಳಿಯಿಂದ ದೂರ ನಿಂತಿತ್ತು. ಅಂಥವರು ಯಾರನ್ನು ಜೋರಾಗಿ ಬೈದಿರುತ್ತಾರೆ, ಯಾರನ್ನು ಮೆತ್ತಗೆ? ಬೋರ್ಡಿನ ಮೇಲೆ ಕಾರಣಗಳು ಏರಿದವು: ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತದ್ದು, 1942ರ ಅಕ್ಟೋಬರಿನ ಚಂಡಮಾರುತ, ಶತ್ರುವಿಗೆ ಸಿಗಬಾರದೆಂದು ಸರ್ಕಾರವೇ ದೋಣಿಗಳನ್ನೂ ಅಕ್ಕಿಯನ್ನೂ ಕಸಿದುಕೊಂಡದ್ದು, ಕಾಳಸಂತೆ, ಯುದ್ಧದ ಹಣದುಬ್ಬರ. ಇವುಗಳಲ್ಲಿ ಯಾವುದು ಚಿತ್ರದೊಳಗೆ ಕಾಣುತ್ತದೆ, ಯಾವುದನ್ನು ಚಿತ್ರ ತೋರಿಸಲಾರದು ಎಂದು ಬೇರ್ಪಡಿಸುವುದು ಆ ದಿನದ ಹೋಂವರ್ಕ್. ಹಸಿವು ಚಿತ್ರದಲ್ಲಿ ಸಿಗುತ್ತದೆ, ಸರ್ಕಾರಿ ಆದೇಶ ಸಿಗುವುದಿಲ್ಲ. ಅದಕ್ಕೆ ದಾಖಲೆ ಹುಡುಕಬೇಕು. ಸತ್ತವರು ಹದಿನೈದು ಲಕ್ಷ ಎಂದ ಸರ್ಕಾರಿ ಆಯೋಗವನ್ನೂ ಮೂವತ್ತು ಲಕ್ಷದವರೆಗೆ ಹೋದ ಆಮೇಲಿನ ಲೆಕ್ಕಗಳನ್ನೂ ಅಕ್ಕಪಕ್ಕ ಬರೆಸಿದರು.

ಪರೀಕ್ಷೆಗೆ ಇದರಿಂದ ಉಪಯೋಗವಾಯಿತೇ ಎಂದರೆ, ಅಷ್ಟಾಗಿ ಇಲ್ಲ. ಪೋರ್ಷನ್ ಮುಗಿಯುತ್ತಿಲ್ಲ ಎಂದು ನಮ್ಮ ಅಪ್ಪಂದಿರು ಕೆಲವರು ಹೆಡ್‌ಮಾಸ್ಟರ ಹತ್ತಿರ ದೂರು ಹೇಳಿದ್ದೂ ಉಂಟು. ಆ ವರ್ಷದ ಬೆಂಗಳೂರು ಪ್ರವಾಸದಲ್ಲಿ ವಿಧಾನಸೌಧಕ್ಕಿಂತ ಹೆಚ್ಚು ಹೊತ್ತು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಕಳೆದೆವು. ಮೈಸೂರಿನ ಅರಮನೆಯ ಆಶ್ರಯದಲ್ಲಿ ಬೆಳೆದ ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅದೇ ಅಬನೀಂದ್ರನಾಥರ ಶಿಷ್ಯರಾಗಿದ್ದರು. ಅಲ್ಲಿ ನಮ್ಮ ಪ್ರಶ್ನೆಗಳ ಹಾವಳಿಗೆ ಕಾವಲುಗಾರ ಬೇಸತ್ತುಹೋಗಿದ್ದ.

2003ರ ಫೆಬ್ರವರಿ. ಇರಾಕ್ ಯುದ್ಧದ ಮಾತು ನಡೆಯುತ್ತಿದ್ದಾಗ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಾಗಿಲ ಬಳಿ ತೂಗುಹಾಕಿದ್ದ ಗೆರ್ನಿಕಾದ ನೇಯ್ದ ಪ್ರತಿಯನ್ನು ನೀಲಿ ಪರದೆಯಿಂದ ಮುಚ್ಚಿದರೆಂಬ ಸುದ್ದಿ ಬಂತು. ಆಗಷ್ಟೇ ಸನ್ನದು ಪಡೆದಿದ್ದ ನಾನು ಉತ್ಸಾಹದಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. "ಮುಚ್ಚಿದವರು ಏನು ಕಾರಣ ಕೊಟ್ಟಿದ್ದಾರೋ?" ಅಂದರು. ಟಿವಿ ಕ್ಯಾಮೆರಾಗಳಿಗೆ ನೀಲಿ ಹಿನ್ನೆಲೆ ಅನುಕೂಲವಂತೆ ಸಾರ್, ಅಂದೆ. "ಸರಿ, ಅದನ್ನೂ ಬರ್ಕೋ. ಹೇಳಿದ್ದು ಯಾರು ಅಂತಲೂ ಪಕ್ಕದಲ್ಲೇ ಬರಿ" ಎಂದು, ನನ್ನ ಮೊದಲ ಕೇಸಿನ ಬಗ್ಗೆ ವಿಚಾರಿಸತೊಡಗಿದರು.